ಕ್ರಿಕೆಟ್ ಬಿಟ್ಟರೆ ಆಸ್ಟ್ರೇಲಿಯಕ್ಕೂ ಬೆಂಗಳೂರಿಗೂ ಏನು ಸಂಬಂಧ?

ಬೆಂಗಳೂರಿನಲ್ಲಿ ಆಸ್ಟ್ರೇಲಿಯದವರ ನಂಟಿರುವ ಜಾಗಗಳಿಗೆ ಜನರನ್ನು ನಡೆಸಿಕೊಂಡು ಹೋಗಿ ಇತಿಹಾಸ ಹೇಳುವವನು ನಾನು. ಬಂದವರೆಲ್ಲ ಮೇಲಿನ ಪ್ರಶ್ನೆಯನ್ನೇ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೊಂದಿದೆ. ಇನ್ನು ಮುಂದೆ ಇದನ್ನು ಓದಿಕೊಂಡೇ ಬನ್ನಿ.

ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೊದಲ ಮಹಾಯುದ್ಧಕ್ಕೆಂದು 1914ರಲ್ಲಿ ಈಜಿಪ್ಟಿಗೆ ಹಡಗು ಹತ್ತಿದ ಮೈಸೂರು ಸಂಸ್ಥಾನದ ಅಶ್ವದಳ ಅದು. ಮೊದಲು ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ, ತುರ್ಕರ ಮೆಷಿನ್ ಗನ್ನುಗಳಿಗೆ ಎದುರಾಗಿ ಭರ್ಜಿ ಹಿಡಿದು ನುಗ್ಗಿ ಪ್ಯಾಲೆಸ್ಟೈನಿನ ಬಂದರು ಊರು ಹೈಫಾ ಗೆದ್ದಿತು. ಆಗ ಅದು ಸೇರಿದ್ದ ಡೆಸರ್ಟ್ ಮೌಂಟೆಡ್ ಕೋರ್ ಎಂಬ ದೊಡ್ಡ ಅಶ್ವಸೇನೆಯ ದಂಡನಾಯಕ ಹ್ಯಾರಿ ಶೋವೆಲ್, ಆಸ್ಟ್ರೇಲಿಯದವನು. ಆಸ್ಟ್ರೇಲಿಯದ ಲೈಟ್ ಹಾರ್ಸ್ ಎಂಬ ಕುದುರೆ ಪಡೆಯ ಸವಾರರೂ ನಮ್ಮವರೂ ಒಬ್ಬನದೇ ಆಜ್ಞೆಯಲ್ಲಿ ಹೋರಾಡಿದರು. ಸಂಬಂಧ ಇದು. ಸಾಲದೇ?

ಒಮ್ಮೆ ಒಬ್ಬರು ಇಷ್ಟನ್ನೂ ಕೇಳಿಸಿಕೊಂಡು, “ಅದು ಬ್ರಿಟಿಷರ ಯುದ್ಧ ಅಲ್ಲವೇ, ನಮಗೇನು?” ಎಂದರು. ನನಗೆ ರೇಗಿತು. ಕಲ್ಲಿನ ಮೇಲಿನ ಹೆಸರುಗಳನ್ನು ಗಟ್ಟಿಯಾಗಿ ಓದಿ ಎಂದೆ. ಓದಿದರು, ಆದರೂ ಒಪ್ಪಲಿಲ್ಲ. ಒಪ್ಪದಿರುವುದು ಅವರ ಇಷ್ಟ. ಯುದ್ಧ ಯಾರದೇ ಆಗಿರಲಿ, ಸತ್ತವರು ಈ ನಾಡಿನವರು. ಅವರ ಹೆಸರನ್ನೂ ನೋಡದೆ ‘ನಮಗೇನು’ ಎನ್ನುವುದನ್ನು ಮಾತ್ರ ನಾನು ಸಹಿಸುವುದಿಲ್ಲ.

ಇಷ್ಟು ದೂರ ನಡೆದು ಬಂದವರು ಕುದುರೆಗಳ ಬಗ್ಗೆ ಏಕೆ ಕೇಳುವುದಿಲ್ಲ? ಹತ್ತೊಂಬತ್ತನೆಯ ಶತಮಾನದಲ್ಲೇ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಿಂದ ವೇಲರ್ ಎಂದು ಕರೆಯುವ ಕುದುರೆಗಳು ಮದರಾಸಿಗೆ ಬಂದಿಳಿಯುತ್ತಿದ್ದವು. ಬ್ರಿಟಿಷ್ ಇಂಡಿಯಾದ ಅಶ್ವದಳ, ಫಿರಂಗಿ ದಳಗಳು ಅವನ್ನೇ ಬಯಸುತ್ತಿದ್ದವು. ಸಮುದ್ರ ದಾಟಿ ಬಂದ ಆ ಪ್ರಾಣಿಗಳಿಗೆ ದಕ್ಷಿಣದ ಲಾಯಗಳಲ್ಲಿ ಹಾಕುತ್ತಿದ್ದುದು ನಮ್ಮ ಹುರುಳಿ. ಅದನ್ನು ಬೇಯಿಸಬೇಕು, ಆರಿಸಬೇಕು, ಆಮೇಲೆ ಚೀಲಕ್ಕೆ ತುಂಬಿ ಮೂತಿಗೆ ಕಟ್ಟಬೇಕು. ಮೊದಲ ಮಹಾಯುದ್ಧಕ್ಕೆ ಆಸ್ಟ್ರೇಲಿಯ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಕಳಿಸಿತು. ತವರಿಗೆ ಮರಳಿದ್ದು ಒಂದೇ ಒಂದು: ಆಸ್ಟ್ರೇಲಿಯದ ಸೇನಾಧಿಕಾರಿ ಜನರಲ್ ಬ್ರಿಜಸ್‌ನ ಕುದುರೆ ಸ್ಯಾಂಡಿ. ರೋಗ ಹರಡುವ ಭಯ, ಸಾಗಣೆಯ ಖರ್ಚು ಉಳಿದವಕ್ಕೆ ಅಡ್ಡ ಬಂದವು. ಬದುಕಿದ್ದವುಗಳಲ್ಲಿ ಸಾವಿರಾರು ಭಾರತೀಯ ಸೇನೆಯ ಪಾಲಾದವು.

ಅಂಥ ಕುದುರೆಗಳ ಮೈ ಉಜ್ಜಿದವರು, ಗೊರಸು ನೋಡಿದವರು, ರಾತ್ರಿ ಹೊಟ್ಟೆನೋವು ಬಂದರೆ ಪಕ್ಕದಲ್ಲಿ ಕುಳಿತವರು ಯಾರು? ಇದನ್ನು ಕೇಳಿ, ನಾನು ದಿನವಿಡೀ ನಿಂತು ಮಾತಾಡುತ್ತೇನೆ. ದಂಡನಾಯಕರಿಗೆ ಜೀವನಚರಿತ್ರೆಗಳಿವೆ. ಲಾಯದ ಆಳುಗಳ ನೆನಪು ಉಳಿದಿದ್ದರೆ ಅವರ ಮೊಮ್ಮಕ್ಕಳ ಮನೆಯಲ್ಲಿ ಉಳಿದಿರಬೇಕು. ನಿಮ್ಮ ಮನೆಯಲ್ಲಿ ಅಂಥ ಅಜ್ಜ, ಮುತ್ತಜ್ಜ ಇದ್ದರೆ ಹೆಸರು ಕೇಳಿಕೊಂಡು ಬನ್ನಿ. ಹಳೆಯ ಫೋಟೊ ಇದ್ದರೆ ತನ್ನಿ.