ಅಪ್ಪನ ಮಾತ್ರೆ ಮುಚ್ಚುವ ಗೇಟು

ನಮ್ಮ ಹೊಲ ಇರುವುದು ಮಾನ್ವಿ ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ. ಮುನಿರಾಬಾದಿನಿಂದ ಹೊರಡುವ ಈ ಕಾಲುವೆ 227 ಕಿಲೋಮೀಟರ್ ಉದ್ದ. ನೀರು ನಮ್ಮ ತನಕ ಬರುವಷ್ಟರಲ್ಲಿ ಮೇಲಿನವರ ಗದ್ದೆ ತುಂಬಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಮಾತು ‘ಗೇಜ್ ಎಷ್ಟೈತಿ?’ ಅಂತಲೇ. ಗೇಜ್ ಅಂದರೆ ಕಾಲುವೆಯ ನೀರಿನ ಮಟ್ಟ. ಭತ್ತಕ್ಕೆ ನೀರು ಕಟ್ಟುವ ದಿನಗಳಲ್ಲಿ ಅಪ್ಪ ರಾತ್ರಿಯೆಲ್ಲ ತೂಬಿನ ಹತ್ತಿರ ಕೂರುತ್ತಿದ್ದರು. ಬ್ಯಾಟರಿ ಹಿಡಿದು ನಾನೂ ಜೊತೆಗೆ ಹೋಗುತ್ತಿದ್ದೆ.

ಈಗ ನಾನಿರುವುದು ಜರ್ಮನಿಯ ಗೋಟಿಂಗೆನ್‌ನಲ್ಲಿ. ಬಂದು ಒಂಬತ್ತು ವರ್ಷ ಆಯಿತು. ‘ಅಲ್ಲಿ ಏನು ಮಾಡ್ತೀಯ?’ ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಕಾಲುವೆ ನೋಡುತ್ತೇನೆ ಅಂದರೆ ತಪ್ಪಲ್ಲ. ಜರ್ಮನ್ ಭಾಷೆಯಲ್ಲಿ ‘ಕನಾಲ್’ ಅನ್ನುವ ಒಂದೇ ಪದ ನೀರಿನ ಕಾಲುವೆಗೂ ಆಗುತ್ತದೆ, ನಾನು ಅಧ್ಯಯನ ಮಾಡುವ ಅಯಾನು ಕಾಲುವೆಗೂ ಆಗುತ್ತದೆ.

ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಒಂದು ತೆಳು ಪೊರೆ ಇದೆ. ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಪಾಲಿನಷ್ಟು ದಪ್ಪ. ಒಳಗೆ ಪೊಟ್ಯಾಸಿಯಂ ಜಾಸ್ತಿ, ಹೊರಗೆ ಸೋಡಿಯಂ ಜಾಸ್ತಿ. ಈ ಉಪ್ಪಿನ ಕಣಗಳು, ಅಂದರೆ ಅಯಾನುಗಳು, ಪೊರೆಯನ್ನು ಸುಮ್ನೆ ದಾಟಲಾರವು. ದಾಟಲು ಪ್ರೋಟೀನಿನ ಸಣ್ಣ ಕಾಲುವೆಗಳಿವೆ, ಅವಕ್ಕೆ ಗೇಟುಗಳಿವೆ. ಎದೆ ಬಡಿಯುವುದು, ಕೈ ಎತ್ತುವುದು, ನೆನಪಾಗುವುದು, ಎಲ್ಲದರಲ್ಲೂ ಈ ಗೇಟುಗಳ ಕೆಲಸವಿದೆ.

ಇಂಥ ಒಂದೇ ಒಂದು ಕಾಲುವೆಯಲ್ಲಿ ಹರಿಯುವ ಕರೆಂಟನ್ನು ಅಳೆಯಲು ಸಾಧ್ಯ ಅಂತ ತೋರಿಸಿದ್ದು ಇದೇ ಊರಿನಲ್ಲಿ. 1976ರಲ್ಲಿ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಇಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಅದನ್ನು ಮಾಡಿದರು. 1991ರಲ್ಲಿ ಅವರಿಗೆ ನೊಬೆಲ್ ಬಂತು. ಪ್ಯಾಚ್ ಕ್ಲ್ಯಾಂಪ್ ಅನ್ನುವ ಆ ವಿಧಾನವೇ ಇವತ್ತಿಗೂ ನನ್ನ ಅನ್ನ.

ವಿಧಾನ ಹೇಳಲು ಸುಲಭ. ಗಾಜಿನ ನಳಿಕೆಯನ್ನು ಕಾಯಿಸಿ ಎಳೆದು, ತುದಿಯನ್ನು ಒಂದು ಮೈಕ್ರಾನಿನಷ್ಟು ಸಣ್ಣ ಮಾಡಬೇಕು. ಅದನ್ನು ಕೋಶದ ಮೇಲೆ ಮೆಲ್ಲಗೆ ಇಟ್ಟು, ಕೊಳವೆಯ ಇನ್ನೊಂದು ತುದಿಯಿಂದ ಬಾಯಲ್ಲಿ ತುಸು ಎಳೆದರೆ ಪೊರೆ ಗಾಜಿಗೆ ಬಿಗಿಯಾಗಿ ಅಂಟುತ್ತದೆ. ಒಂದು ಅಯಾನೂ ಪಕ್ಕದಿಂದ ಸೋರಬಾರದು, ಅಷ್ಟು ಬಿಗಿ. ನನಗೆ ಮೊದಲ ನಾಲ್ಕು ತಿಂಗಳು ಆ ಬಿಗಿ ಸಿಗಲೇ ಇಲ್ಲ. ನವೆಂಬರ್ ತಿಂಗಳು, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ದಿನಕ್ಕೆ ಮೂವತ್ತು ನಳಿಕೆ ಹಾಳಾಗುತ್ತಿದ್ದವು. ರೂಮಿಗೆ ಬಂದು ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಅತ್ತದ್ದೂ ಇದೆ. ಕೊನೆಗೆ ಗೊತ್ತಾಯಿತು, ನಳಿಕೆ ದ್ರಾವಣಕ್ಕೆ ಇಳಿಯುವಾಗಲೇ ಒಳಗಿನಿಂದ ಸಣ್ಣಗೆ ಗಾಳಿ ಊದುತ್ತಿರಬೇಕು. ಇಲ್ಲದಿದ್ದರೆ ತುದಿಗೆ ಕಸ ಅಂಟುತ್ತದೆ. ಬಿಗಿ ಸಿಕ್ಕ ದಿನ ಪರದೆಯ ಮೇಲೆ ಗೆರೆ ನೆಟ್ಟಗೆ ನಿಂತಿತು. ಆಮೇಲೆ ಮೆಟ್ಟಿಲಿನಂತೆ ಒಮ್ಮೆ ಇಳಿಯಿತು, ಮತ್ತೆ ಏರಿತು. ಒಂದು ಗೇಟು ತೆರೆದು ಮುಚ್ಚಿತ್ತು. ಸುಮಾರು ನಾಲ್ಕು ಪಿಕೋ ಆಂಪಿಯರ್. ಪಿಕೋ ಅಂದರೆ ಲಕ್ಷ ಕೋಟಿಯಲ್ಲಿ ಒಂದು ಪಾಲು. ಕೇಳಲು ಏನೂ ಅಲ್ಲ ಅನ್ನಿಸಬಹುದು, ಆದರೆ ಆ ವೇಗದಲ್ಲಿ ಸೆಕೆಂಡಿಗೆ ಎರಡೂವರೆ ಕೋಟಿ ಅಯಾನು ದಾಟುತ್ತವೆ.

ಡಾಕ್ಟರೇಟ್ ಮುಗಿದಾಗ ಇಲ್ಲಿನ ಪದ್ಧತಿಯಂತೆ ಗೆಳೆಯರು ನನ್ನನ್ನು ಸಿಂಗರಿಸಿದ ಬಂಡಿಯಲ್ಲಿ ಕೂರಿಸಿ, ಊರ ನಡುವಿನ ಕಾರಂಜಿಯ ‘ಗೆನ್ಸೆಲೀಸೆಲ್’ ಗೊಂಬೆಯ ತನಕ ಎಳೆದುಕೊಂಡು ಹೋದರು. ಹೆಬ್ಬಾತು ಹಿಡಿದ ಹುಡುಗಿ ಅವಳು. ಡಾಕ್ಟರ್ ಆದವರು ಹತ್ತಿ ಅವಳಿಗೆ ಮುತ್ತು ಕೊಡಬೇಕು. ಬಂಡಿಯ ಕಾಗದದ ಹೂಗಳನ್ನು ನೋಡಿ ನನಗೆ ಕಾರಹುಣ್ಣಿಮೆ ನೆನಪಾಯಿತು.

ಇನ್ನು ನಾನು ನೋಡುವ ಗೇಟಿನ ವಿಷಯ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳಿವೆ. ಅವುಗಳ ಪೊರೆಯಲ್ಲಿ ಕೆ-ಎಟಿಪಿ ಅನ್ನುವ ಪೊಟ್ಯಾಸಿಯಂ ಕಾಲುವೆ ಇದೆ. ಊಟವಾಗಿ ರಕ್ತದಲ್ಲಿ ಸಕ್ಕರೆ ಏರಿದರೆ ಕೋಶದೊಳಗೆ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಹೆಚ್ಚುತ್ತದೆ, ಈ ಗೇಟು ಮುಚ್ಚುತ್ತದೆ. ಮುಚ್ಚಿದ ಕೂಡಲೇ ಪಕ್ಕದ ಕ್ಯಾಲ್ಸಿಯಂ ಗೇಟು ತೆರೆದು ಇನ್ಸುಲಿನ್ ಹೊರಬೀಳುತ್ತದೆ. ಗ್ಲೂಕೋಸ್ ಈ ಗೇಟನ್ನು ಮುಚ್ಚುತ್ತದೆ ಅಂತ 1984ರಲ್ಲಿ ತೋರಿಸಿದವರು ಫ್ರಾನ್ಸೆಸ್ ಆಶ್‌ಕ್ರಾಫ್ಟ್ ಮತ್ತು ಜೊತೆಗಾರರು.

ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಗೇಟು ಸರಿಯಾಗಿ ಮುಚ್ಚುವುದಿಲ್ಲ. ಇನ್ಸುಲಿನ್ ಬರುವುದಿಲ್ಲ, ಎಳೆಗೂಸಿಗೇ ಸಕ್ಕರೆ ಕಾಯಿಲೆ. ಕಾರಣವಾದ ಜೀನ್ ದೋಷ 2004ರಲ್ಲಿ ಗೊತ್ತಾಯಿತು. 2006ರ ಒಂದು ವರದಿಯಲ್ಲಿ ಇಂಥ 49 ರೋಗಿಗಳಿಗೆ ಸಲ್ಫೋನಿಲ್‌ಯೂರಿಯಾ ಮಾತ್ರೆ ಕೊಟ್ಟರು. 44 ಮಂದಿ ಇನ್ಸುಲಿನ್ ಸೂಜಿಯನ್ನೇ ಬಿಟ್ಟರು. ಮಾತ್ರೆ ಹೋಗಿ ಗೇಟು ಮುಚ್ಚಿತು, ಅಷ್ಟೇ. ಇದನ್ನು ಓದಿದ ದಿನವೇ ಇದೇ ನನ್ನ ಕೆಲಸ ಅಂತ ತೀರ್ಮಾನಿಸಿದೆ.

ಮೂರು ವರ್ಷದ ಹಿಂದೆ ಅಪ್ಪನಿಗೂ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಫೋನಿನಲ್ಲಿ ಮಾತ್ರೆಯ ಹೆಸರು ಓದಿಸಿದೆ. ಗ್ಲಿಮೆಪಿರೈಡ್. ಅದೇ ಗುಂಪಿನ ಮಾತ್ರೆ, ಅದೇ ಗೇಟು.

ಆಮೇಲೆ ಒಂದು ಬೆಳಿಗ್ಗೆ ಕಾಲುವೆಗೆ ನೀರು ಬಂತು ಅಂತ ಸುದ್ದಿ ಬಂದು, ಅಪ್ಪ ಮಾತ್ರೆ ನುಂಗಿ ಏನೂ ತಿನ್ನದೆ ಹೊಲಕ್ಕೆ ಓಡಿದರು. ಒಂಬತ್ತು ಗಂಟೆಗೆ ಬದುವಿನ ಮೇಲೆ ಕುಸಿದರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತಡವರಿಕೆ. ಪಕ್ಕದ ಹೊಲದವರು ಸಕ್ಕರೆ ಜಾಸ್ತಿ ಹಾಕಿದ ಚಹಾ ಕುಡಿಸಿದರು. ಹತ್ತು ನಿಮಿಷದಲ್ಲಿ ಎದ್ದು ಕೂತರು. ಇದನ್ನು ಓದುವ ನಿಮ್ಮ ಮನೆಯಲ್ಲೂ ಈ ಮಾತ್ರೆ ತೆಗೆದುಕೊಳ್ಳುವವರು ಇರಬಹುದು, ಅಲ್ವಾ? ಅವರಿಗೆ ಹೇಳಿ. ರಕ್ತದಲ್ಲಿ ಸಕ್ಕರೆ ಇದೆಯೋ ಇಲ್ಲವೋ ಮಾತ್ರೆ ನೋಡುವುದಿಲ್ಲ, ಗೇಟು ಮುಚ್ಚುತ್ತದೆ. ಇನ್ಸುಲಿನ್ ಬರುತ್ತದೆ, ಇರುವ ಸಕ್ಕರೆಯೂ ಇಳಿಯುತ್ತದೆ. ಅದಕ್ಕೇ ಊಟ ತಪ್ಪಿಸಬಾರದು. ಜೇಬಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ. ಹೀಗೆ ಆದರೆ ಡಾಕ್ಟರಿಗೆ ತಿಳಿಸಲೇಬೇಕು.

ಇದನ್ನು ಅಪ್ಪನಿಗೆ ಅರ್ಥ ಮಾಡಿಸಲು ಕಷ್ಟವಾಗಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಕೊಂಡು ಹೋದಾಗ ಅವರು ಫೋನಿನಲ್ಲಿ ಮಾತೇ ಆಡಿರಲಿಲ್ಲ, ಬರೀ ಉಸಿರು ಕೇಳುತ್ತಿತ್ತು. 33 ಗೇಟಿನಲ್ಲಿ ಒಂದು ಕೆಟ್ಟರೆ ಏನಾಗುತ್ತದೆ ಅಂತ ಅವರಿಗೆ ನಾನು ಹೇಳಬೇಕಾಗಿಲ್ಲ.

ಕಳೆದ ಸಲ ಊರಿಗೆ ಹೋದಾಗ ಗೇಟಿನ ಕರೆಂಟಿನ ಗೆರೆ ಇರುವ ನನ್ನ ಒಂದು ದಾಖಲೆಯ ಪ್ರಿಂಟ್ ಒಯ್ದಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ತುಂಬಾ ಹೊತ್ತು ನೋಡಿದರು. ‘ಇಲ್ಲಿ ಬಿಟ್ಟಾರ, ಇಲ್ಲಿ ಬಂದ್ ಮಾಡ್ಯಾರ’ ಅಂತ ಬೆರಳಿಟ್ಟು ತೋರಿಸಿದರು. ನಾನು ಇನ್ನೂ ಏನೂ ಹೇಳಿರಲಿಲ್ಲ. ಆಮೇಲೆ ಗೆರೆ ಉದ್ದಕ್ಕೆ ಸುಮ್ಮನೆ ಮಲಗಿದ ಜಾಗ ತೋರಿಸಿ ಕೇಳಿದರು, ‘ಯವ್ವಾ, ಇಲ್ಲಿ ಯಾಕ ಇಷ್ಟು ಹೊತ್ತು ಬಂದ್ ಐತಿ?’

ಈ ಕಾಲುವೆ ನಾಲ್ಕಾರು ಸಲ ಪಟಪಟನೆ ತೆರೆದು ಮುಚ್ಚಿ, ಆಮೇಲೆ ದೀರ್ಘ ಹೊತ್ತು ಮುಚ್ಚಿಯೇ ಇರುತ್ತದೆ. ಆ ಹೊತ್ತಿನಲ್ಲಿ ಪ್ರೋಟೀನಿನ ಯಾವ ಭಾಗ ಹೇಗೆ ತಿರುಗಿರುತ್ತದೆ ಅನ್ನುವುದೇ ಈ ವರ್ಷದ ನನ್ನ ಕೆಲಸ. ಅಪ್ಪನಿಗೆ ಅದನ್ನೇ ಹೇಳಿದೆ. ಅವರು ಆ ಹಾಳೆಯನ್ನು ಮಡಚಿ ಪಹಣಿ ಕಾಗದಗಳ ಜೊತೆ ಇಟ್ಟುಕೊಂಡರು.