ಹಾಕಿ ನೋಡು

ನಮ್ಮ ಗಣಿತದ ಮೇಷ್ಟ್ರು ಯಾರಿಗೂ ‘ತಪ್ಪು’ ಅಂದವರಲ್ಲ. ಉತ್ತರ ಎಷ್ಟೇ ಅಧ್ವಾನವಾಗಿರಲಿ, ಅವರದು ಎರಡೇ ಮಾತು: ‘ಹಾಕಿ ನೋಡು.’

ಒಂಬತ್ತನೇ ತರಗತಿ, ಘಾತಾಂಕದ ಪಾಠ. ಬೋರ್ಡಿನ ಮೇಲೆ 8, ಅದರ ತಲೆಯ ಮೇಲೆ ಪುಟ್ಟದೊಂದು ಎಕ್ಸ್. ಸಮ ಚಿಹ್ನೆಯ ಆಚೆ 32. ಎಕ್ಸ್ ಎಷ್ಟು? ಕೈ ಎತ್ತುವ ವ್ಯವಧಾನವೂ ಇಲ್ಲದೆ ಕೂಗಿಬಿಟ್ಟೆ, ‘ನಾಲ್ಕು ಸಾರ್!’ ಎಂಟ್ನಾಲ್ಕ್ಲಿ ಮೂವತ್ತೆರಡು, ಮಗ್ಗಿ ಬಾಯಲ್ಲೇ ಇತ್ತಲ್ಲ. ‘ಬಾರೋ, ಹಾಕಿ ನೋಡು’ ಅಂತ ಸೀಮೆಸುಣ್ಣ ಕೊಟ್ಟರು. ಎಂಟೆಂಟ್ಲಿ 64. ಇನ್ನೊಂದು ಎಂಟು, 512. ನಾಲ್ಕನೆಯದಕ್ಕೆ 4096. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

‘ಎರಡೂ ಕಡೆ ಒಂದೇ ಆಧಾರಕ್ಕೆ ತಾ, ಅಂದ್ರೆ ಕೆಳಗಿರೋ ಸಂಖ್ಯೆ ಒಂದೇ ಆಗ್ಲಿ. ಆಮೇಲೆ ತಲೆ ಮೇಲಿರೋದನ್ನ ಮಾತ್ರ ನೋಡು.’ ಎಂಟು ಅಂದರೆ 2³, ಮೂವತ್ತೆರಡು 2⁵. ಘಾತದ ಮೇಲೆ ಘಾತ ಬಂದರೆ ಗುಣಾಕಾರ. ಹಾಗಾಗಿ ಮೂರು ಎಕ್ಸ್ ಅಂದರೆ ಐದು, ಎಕ್ಸ್ 5/3. ಉತ್ತರ ಬಂತು, ಸಮಾಧಾನ ಬರಲಿಲ್ಲ. ಎಂಟನ್ನು ಒಂದೂ ಮುಕ್ಕಾಲಿಗೆ ಸ್ವಲ್ಪ ಕಮ್ಮಿ ಸಲ ಗುಣಿಸುವುದು ಅಂದರೇನು? ಅದಕ್ಕೂ ‘ಹಾಕಿ ನೋಡು.’ ಕೆಳಗಿನ 3 ಘನಮೂಲ ಕೇಳುತ್ತದೆ: ಎಂಟರ ಘನಮೂಲ 2. ಮೇಲಿನ 5 ಆ ಎರಡನ್ನು ಐದು ಸಲ ಗುಣಿಸುತ್ತದೆ: 32. ಆವತ್ತು ಸೀಮೆಸುಣ್ಣ ಹಾಗೇ ಜೇಬಿಗಿಟ್ಟುಕೊಂಡು ಮನೆಗೆ ಹೋಗಿದ್ದೆ, ಅಮ್ಮ ಬೈದಮೇಲೆ ಗೊತ್ತಾಯಿತು.

ಮರುದಿನದ ಲೆಕ್ಕ ಇನ್ನೂ ತರಲೆಯದು. ಆವರಣದೊಳಗೆ 2ಎ³, ಆವರಣದ ತಲೆಯ ಮೇಲೆ ಎನ್. ಬಲಗಡೆ ಎ¹², ಅದರ ಮುಂದೆ ಗುಣಕ ಎಂ. ಎರಡೂ ಒಂದೇ ಬೀಜೋಕ್ತಿ ಆಗಬೇಕಾದರೆ ಎನ್ ಎಷ್ಟು, ಎಂ ಎಷ್ಟು? ಮೂರನ್ನು ನಾಲ್ಕರಿಂದ ಗುಣಿಸಿದರೆ ಹನ್ನೆರಡು, ಎನ್ 4. ಎಂ ಜಾಗದಲ್ಲಿ 2 ಅಂತಲೇ ಬರೆದೆ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ‘ಅಂಗಳಕ್ಕೆ ಮಳೆ ಬಂದ್ರೆ ಅಲ್ಲಿರೋರೆಲ್ಲ ನೆನೀಬೇಕು. ಈ ಎರಡೇನು ಕೊಡೆ ಹಿಡ್ಕೊಂಡಿದೆಯಾ?’ ಆ 2 ಕೂಡ ನೆನೆದು 2⁴ ಆಯಿತು, ಎಂ 16. ಇವತ್ತಿಗೂ ಆವರಣದ ಮೇಲೆ ಘಾತ ಕಂಡರೆ ನನಗೆ ಮಳೆಯೇ ಕಾಣುವುದು.

ಹೀಗೆ ಎರಡು ಸಲ ಪೆಟ್ಟು ತಿಂದವನಿಗೆ ಸೇಡು ತೀರಿಸಿಕೊಳ್ಳುವ ಆಸೆ. ಮೂರನೇ ದಿನ ಎದ್ದು ನಿಂತೆ. ‘ಸಾರ್, 1⁵ ಒಂದೇ, 1⁷ ಒಂದೇ. ಆಧಾರವೂ ಒಂದೇ. ಹಾಗಾದರೆ ಐದೂ ಏಳೂ ಸಮವಾ?’

ತರಗತಿ ಗಪ್‌ಚಿಪ್. ಮೇಷ್ಟ್ರು ಪಠ್ಯಪುಸ್ತಕ ಮುಚ್ಚಿದರು. ಬೋರ್ಡಿನ ಮೂಲೆಯಲ್ಲಿ 0, 1, ಋಣ 1 ಬರೆದು ಸುತ್ತಲೂ ಗೆರೆ ಎಳೆದು, ಇವು ಆಧಾರವಾದಾಗ, ಆಧಾರ ಒಂದೇ ಆದರೆ ಘಾತವೂ ಸಮ ಅನ್ನೋ ಮೊನ್ನೆಯ ನಿಯಮ ನಂಬಬೇಡಿ ಅಂದರು. ಆಮೇಲೆ ನನ್ನ ಕಡೆ ತಿರುಗಿ, ‘ಇದನ್ನ ಯಾರಾದ್ರೂ ಕೇಳ್ತಾರೇನೋ ಅಂತ ಮೂರು ದಿನದಿಂದ ಕಾಯ್ತಿದ್ದೆ ಕಣೋ.’