ಹರಿದದ್ದು ಹುಲ್ಲು, ಕತ್ತರಿಸಿದ್ದು ಗಿಡ: ಕಪ್ಪತಗುಡ್ಡದ ಬೆಂಕಿಗೆ ಒಂದು ಫೋಟೋ ಕೊಲಾಜ್

ಬೇಸಿಗೆಯಲ್ಲಿ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಬೆಂಕಿ ಬಿದ್ದಾಗಲೆಲ್ಲ ನಮ್ಮ ಕಡೆಯ ಮೊಬೈಲುಗಳಲ್ಲಿ ಒಂದು ಜೋಡಿ ಫೋಟೋ ಓಡಾಡುತ್ತದೆ. ಎಡಕ್ಕೆ ಮಾರ್ಚ್ ತಿಂಗಳ ಕರಿ ಇಳಿಜಾರು, ಬಲಕ್ಕೆ ಜೂನ್ ತಿಂಗಳ ಹಸಿರು ಇಳಿಜಾರು. ‘ಗುಡ್ಡ ಮತ್ತ ಚಿಗತೈತಿ ನೋಡ್ರಿ’ ಎಂದು ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಅಷ್ಟು ಬೇಗ ಸಮಾಧಾನ ಬೇಡ. ಹುಲ್ಲಿನ ಬುಡ ಮಣ್ಣೊಳಗೆ ಇರುತ್ತದೆ, ಬೆಂಕಿ ಮೇಲೆ ಹಾದುಹೋದರೂ ಸಾಯುವುದಿಲ್ಲ; ಒಂದೆರಡು ಹದ ಮಳೆ ಬಿದ್ದರೆ ಸಾಕು, ಎದ್ದುಬಿಡುತ್ತದೆ. ಸತ್ತದ್ದು ಹುಲ್ಲಿನ ನಡುವೆ ಇದ್ದ ಗೇಣುದ್ದದ ಸಸಿಗಳು. ಅವು ಬೆಂಕಿಗೆ ಮುಂಚೆಯೂ ದೂರದ ಫೋಟೋದಲ್ಲಿ ಕಾಣುತ್ತಿರಲಿಲ್ಲ, ಈಗ ಇಲ್ಲದ್ದೂ ಕಾಣುವುದಿಲ್ಲ. ಎರಡೇ ಫೋಟೋ ಇಟ್ಟರೆ ಈ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಬಹಳ ಫೋಟೋಗಳನ್ನು ಒಂದೇ ಹಲಗೆಗೆ ಜೋಡಿಸಿ ಅಂಟಿಸಿದ ಕೊಲಾಜ್ ಬೇಕು.

ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರನ್ನು 2018ರ ನವೆಂಬರ್‌ನಲ್ಲಿ ಕಾಡುಬೆಂಕಿ ಸುಟ್ಟಾಗ 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಅಂಥ ಕಡೆ ಕೊಲಾಜ್ ಮಾಡುವವರ ಮುಂದಿರುವುದು ಮನೆ, ಬೀದಿ, ಅರ್ಧ ಬೆಂದ ಮದುವೆ ಫೋಟೋ. ಇಲ್ಲಿಯ ಬೆಂಕಿಯ ಜಾತಿ ಬೇರೆ. 2019ರಲ್ಲಿ ವನ್ಯಜೀವಿಧಾಮವಾದ ಸುಮಾರು 244 ಚದರ ಕಿಲೋಮೀಟರಿನ ಈ ಗುಡ್ಡಸಾಲಿನಲ್ಲಿ ಬೆಂಕಿ ನೆಲ ಹಿಡಿದು ಓಡುತ್ತದೆ. ಬಾದೆ ಹುಲ್ಲು ಎಣ್ಣೆಯಂಶದ ಹುಲ್ಲು, ಆಳೆತ್ತರ ಬೆಳೆದು ಒಣಗಿ ನಿಂತಿರುತ್ತದೆ. ಕಿಡಿ ತಾಗಿದರೆ ಇಳಿಜಾರಿನ ಮೇಲ್ಮುಖವಾಗಿ ಏರುತ್ತ ಹೋಗುತ್ತದೆ. ದೊಡ್ಡ ಮರ ನಿಂತೇ ಇರುತ್ತದೆ, ತೊಗಟೆ ಕಪ್ಪಾಗಿರುತ್ತದೆ. ಬೆಂಕಿ ಏರಿಹೋದ ಕಡೆ, ಅಂದರೆ ಕಾಂಡದ ಮೇಲ್ಮಗ್ಗಲಲ್ಲಿ, ಆ ಕಪ್ಪು ಹೆಚ್ಚು ಎತ್ತರಕ್ಕೆ ಹತ್ತಿರುತ್ತದೆ. ಒಂದೇ ಮಗ್ಗಲಿನಿಂದ ಮರದ ಫೋಟೋ ತೆಗೆದರೆ ಸುಟ್ಟದ್ದು ಹೆಚ್ಚೋ ಕಡಿಮೆಯೋ ಆಗಿ ಕಾಣುತ್ತದೆ. ಎರಡೂ ಮಗ್ಗಲು ತೆಗೆಯಬೇಕು.

ಇನ್ನೊಂದು ತಪ್ಪು ಇಲ್ಲಿ ಸಾಮಾನ್ಯ. ಅರಣ್ಯ ಇಲಾಖೆಯವರು ಬೆಂಕಿ ಹರಡದಂತೆ ಬೇಸಿಗೆಗೆ ಮುಂಚೆಯೇ ಸವರಿ, ಸುಟ್ಟು ಮಾಡುವ ಬೆಂಕಿ ರೇಖೆಯನ್ನೂ ಫೋಟೋ ತೆಗೆಯುವವರು ಕಾಳ್ಗಿಚ್ಚಿನ ಗಾಯವೆಂದು ತೋರಿಸುತ್ತಾರೆ. ಅಂಚು ಒಂದೇ ಅಗಲಕ್ಕೆ, ಗೆರೆ ಎಳೆದಂತೆ ಇದ್ದರೆ ಅದು ಮನುಷ್ಯರು ಮಾಡಿದ ರೇಖೆ. ಕಾಳ್ಗಿಚ್ಚಿನ ಅಂಚು ನಾಲಗೆ ಚಾಚಿದಂತೆ ಇರುತ್ತದೆ.

ನಿಲ್ಲುವ ಜಾಗ ಮೊದಲು. ಧಾಮದ ಒಳಗೆ ಹೋಗಲು ಇಲಾಖೆಯ ಅನುಮತಿ ಬೇಕು, ಡ್ರೋನ್ ಹಾರಿಸಲಂತೂ ಬೇಕೇ ಬೇಕು. ಡೋಣಿ, ಡಂಬಳ ಕಡೆಯ ರಸ್ತೆಯಿಂದಲೇ ಇಳಿಜಾರು ಚೆನ್ನಾಗಿ ಸಿಗುತ್ತದೆ. ಏಳು ತಿಂಗಳ ಮೇಲೆ ಅದೇ ಜಾಗಕ್ಕೆ ಬಂದು ನಿಲ್ಲಬೇಕಲ್ಲ, ಮೊಬೈಲಿನ ಜಿಪಿಎಸ್ ನಂಬಿದರೆ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ. ಹತ್ತಿರದ ಒಂದು ಬಂಡೆಯ ಅಂಚು, ದೂರದ ಒಂದು ಗಾಳಿಗಿರಣಿ ಕಂಬದ ಬುಡ, ಇವೆರಡೂ ಒಂದೇ ನೇರಕ್ಕೆ ಬರುವಂತೆ ನಿಲ್ಲಿ. ಬೇರೆ ದಿಕ್ಕಿನಲ್ಲಿ ಇಂಥದೇ ಇನ್ನೊಂದು ಜೋಡಿ ಗುರುತಿಸಿಕೊಳ್ಳಿ. ಎರಡು ನೇರಗಳು ಕೂಡುವ ಜಾಗ ಒಂದೇ. ಗಾಳಿಗಿರಣಿಯ ರೆಕ್ಕೆಯನ್ನು ಗುರುತಾಗಿ ಹಿಡಿಯಬೇಡಿ, ಗಾಳಿ ತಿರುಗಿದಂತೆ ಅದರ ತಲೆಯೂ ತಿರುಗುತ್ತದೆ.

ನೆರಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ಕೊಲಾಜ್ ಕೆಡುವುದು ಇದರಿಂದ. ಗದಗ ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ, ನೆರಳೇ ಬೀಳುವುದಿಲ್ಲ. ಆ ನಡುವಿನ ದಿನಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ, ಉಳಿದ ಕಾಲದಲ್ಲಿ ಉತ್ತರಕ್ಕೆ. ಹೀಗಾಗಿ ಮಾರ್ಚ್ ಫೋಟೋ ಪಕ್ಕ ಜೂನ್ ಫೋಟೋ ಇಟ್ಟರೆ ಒಂದರ ಕಣಿವೆ ಇನ್ನೊಂದರಲ್ಲಿ ಬೋರೆಯಂತೆ ಕಾಣುತ್ತದೆ. ಜೂನ್ 21ರ ಆಚೆ ಈಚೆ ಹೆಚ್ಚುಕಡಿಮೆ ಸಮದೂರದ ದಿನಗಳಲ್ಲಿ ಮಾತ್ರ ಸೂರ್ಯ ಅದೇ ದಾರಿಯಲ್ಲಿ ಸಾಗುತ್ತಾನೆ. ಮಾರ್ಚ್ 1ರ ಫೋಟೋಕ್ಕೆ ಜೋಡಿ ಅಕ್ಟೋಬರ್ 13. ಆದರೆ ಗಡಿಯಾರದ ಹೊತ್ತು ಒಂದೇ ಅಲ್ಲ: ಅಕ್ಟೋಬರ್‌ನಲ್ಲಿ ಸುಮಾರು 25 ನಿಮಿಷ ಮೊದಲೇ ತೆಗೆಯಬೇಕು. ಮಾರ್ಚ್‌ನಲ್ಲಿ ಬೆಳಿಗ್ಗೆ 8.30ಕ್ಕೆ ತೆಗೆದಿದ್ದರೆ ಅಕ್ಟೋಬರ್‌ನಲ್ಲಿ 8.05. ಬೆಂಕಿ ಏಪ್ರಿಲ್ 10ರ ಹೊತ್ತಿಗೆ ಬಿದ್ದಿದ್ದರೆ ಜೋಡಿ ಸೆಪ್ಟೆಂಬರ್ 2, ಅಲ್ಲಿ ಹೊತ್ತು ಹೆಚ್ಚುಕಡಿಮೆ ಅದೇ.

ಮೊಬೈಲಿನ ಪನೋರಮಾ ಬೇಡ, ಅದು ಸಾಲುಗುಡ್ಡವನ್ನು ಬಿಲ್ಲಿನಂತೆ ಬಗ್ಗಿಸುತ್ತದೆ. ಬಿಡಿ ಬಿಡಿ ಚೌಕಟ್ಟುಗಳಲ್ಲಿ ತೆಗೆಯಿರಿ: ಅಡ್ಡಕ್ಕೆ 6, ಉದ್ದಕ್ಕೆ 4, ಒಟ್ಟು 24. ಪ್ರತಿ ಚೌಕಟ್ಟಿನ ಕಾಲು ಭಾಗ ಪಕ್ಕದ್ದರಲ್ಲೂ ಬರಲಿ. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ 1982ರಲ್ಲಿ ಪೋಲರಾಯ್ಡ್ ಫೋಟೋಗಳನ್ನು ಹೀಗೆ ಜೋಡಿಸಿ ತೋರಿಸಿದರು. ಗೆರೆಗೆ ಗೆರೆ ಕೂಡದಿದ್ದರೂ ಕಣ್ಣು ಕೂಡಿಸಿಕೊಳ್ಳುತ್ತದೆ. ಕ್ಯಾಮೆರಾವನ್ನು ತಾನೇ ತೀರ್ಮಾನಿಸಲು ಬಿಟ್ಟರೆ ಕರಿ ನೆಲವನ್ನು ಕತ್ತಲೆಯೆಂದು ತಿಳಿದು ಬೆಳಗಿಸುತ್ತದೆ, ಸುಟ್ಟ ಗುಡ್ಡ ಬೂದುಬಣ್ಣಕ್ಕೆ ಬರುತ್ತದೆ. ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್‌ನಲ್ಲಿ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) 5500, ಕ್ಯಾಮೆರಾ ತೋರಿಸುವುದಕ್ಕಿಂತ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧ ಬೆಳಕು. 24 ಚೌಕಟ್ಟು ಮುಗಿಯುವವರೆಗೆ ಯಾವುದನ್ನೂ ಮುಟ್ಟಬೇಡಿ.

ದೂರದ ಫೋಟೋ ಹೇಳದ್ದನ್ನು ಹೇಳಲು ನೆಲದ ಫೋಟೋ ಬೇಕು. ನಾಲ್ಕು ಗೂಟ, ನಾಲ್ಕು ಮೀಟರ್ ಹುರಿ, ಒಂದು ಮೀಟರಿನ ಚೌಕ. ಅನುಮತಿ ಸಿಕ್ಕಲ್ಲಿ ಮಾತ್ರ. ಅದನ್ನು ನೇರ ಮೇಲಿನಿಂದ, ನಮ್ಮ ನೆರಳು ಬೀಳದಂತೆ, ಮಾರ್ಚ್, ಜೂನ್, ಆಗಸ್ಟ್, ಅಕ್ಟೋಬರ್, ಡಿಸೆಂಬರ್ ಮತ್ತು ಮರು ಮಾರ್ಚ್‌ನಲ್ಲಿ ತೆಗೆಯಬೇಕು. ಮಾರ್ಚ್‌ನ ಚೌಕದಲ್ಲಿ ಬೂದಿ, ಗರಟದ ಹಾಗೆ ಗಟ್ಟಿಯಾಗಿ ನಿಂತ ಹುಲ್ಲಿನ ಕೂಳೆ, ಬೆರಳುದ್ದದ ಕರಿ ಕಡ್ಡಿಗಳು. ಆ ಕಡ್ಡಿಗಳೇ ಸಸಿಗಳು. ಎಣಿಸಿ ಬರೆದಿಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ, ಆದರೆ ಕಡ್ಡಿಯ ಬುಡದಲ್ಲಿ ಚಿಗುರು ಇದೆಯೋ ಇಲ್ಲವೋ ಹುಲ್ಲು ಸರಿಸಿ ನೋಡಿದರೇ ಗೊತ್ತಾಗುವುದು.

ಬೆಂಕಿಗೆ ಮುಂಚಿನ ಗುಡ್ಡ ಎಲ್ಲಿ ಸಿಗುತ್ತದೆ? ಜನರ ಮನೆಯ ಟ್ರಂಕಿನಲ್ಲಿ. ಕಪ್ಪತ ಮಲ್ಲೇಶ್ವರನ ದರ್ಶನಕ್ಕೆ ಹೋದಾಗ ತೆಗೆಸಿಕೊಂಡ ಮನೆಮಂದಿಯ ಫೋಟೋಗಳಲ್ಲಿ ಹೆಗಲಿನ ಹಿಂದೆ ಇಳಿಜಾರು ಇರುತ್ತದೆ. ‘ಅಜ್ಜಾರ, ಹಳೇ ಫೋಟೋ ಒಂಚೂರ ತೋರಸ್ತೀರೇನ್ರಿ, ಇಲ್ಲೇ ಕುಂತು ಸ್ಕ್ಯಾನ್ ಮಾಡಿ ಕೊಡ್ತೇವ್ರಿ’ ಎಂದು ಕೇಳಿ. ಫೋಟೋವನ್ನು ಮನೆಯಿಂದ ಹೊರಗೆ ಒಯ್ಯಬಾರದು. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಒಂದು ಪ್ರಿಂಟ್ ಮೊದಲು ಅವರಿಗೇ ಕೊಡಿ. ಕೊಲಾಜಿಗೆ ಅಸಲು ಫೋಟೋ ಕತ್ತರಿಸುವುದನ್ನು ಯಾರು ಒಪ್ಪಿದರೂ ನೀವು ಒಪ್ಪಬೇಡಿ.

ಗುಡಿಸಲಿಗೋ ಬಣವಿಯಿಂದ ಮನೆಗೋ ಬೆಂಕಿ ಹತ್ತಿದ್ದರೆ ಫೋಟೋಗಳೂ ಬೆಂದಿರುತ್ತವೆ, ನಂದಿಸಿದ ನೀರಿಗೆ ತೊಯ್ದಿರುತ್ತವೆ. ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಜಿಡ್ಡಾಗಿ ಒಳಗಿಳಿಯುತ್ತದೆ. ಮೆತ್ತನೆಯ ಒಣ ಬ್ರಷ್ ಸಾಕು. ಒಂದಕ್ಕೊಂದು ಅಂಟಿದ ಸ್ಟುಡಿಯೋ ಪ್ರಿಂಟುಗಳನ್ನು ಒಣಗಿಸಿ ಕೀಳಬೇಡಿ. ತೊಯ್ದಿರುವಾಗಲೇ, ಎರಡು ದಿನದೊಳಗೆ, ಶುದ್ಧ ತಣ್ಣೀರಿನಲ್ಲಿ ನೆನೆಸಿ ನಿಧಾನ ಬಿಡಿಸಿ, ಮುಖ ಮೇಲಾಗಿ ನೆರಳಿನಲ್ಲಿ ಒಣಗಿಸಿ. ಇಂಕ್‌ಜೆಟ್ ಪ್ರಿಂಟ್ ಆಗಿದ್ದರೆ ನೀರು ಸೋಕಿಸಲೇಬೇಡಿ, ಬಣ್ಣ ಹರಿದುಹೋಗುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿದ್ದನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಆಲ್ಬಮ್ಮಿನ ಪ್ಲಾಸ್ಟಿಕ್ ಕರಗಿ ಹತ್ತಿಕೊಂಡಿದ್ದರೆ ಬಿಡಿಸಲು ಹೋಗದೆ ಹಾಗೆಯೇ ಫೋಟೋ ತೆಗೆದಿಟ್ಟುಕೊಳ್ಳಿ.

ಪ್ರಿಂಟ್ ಹಾಕಿಸುವಾಗ ಜಾಗ್ರತೆ. ಲ್ಯಾಬಿನ ಯಂತ್ರ ಪ್ರತಿ ಫೋಟೋವನ್ನೂ ತಾನೇ ತಿದ್ದುತ್ತದೆ, ಪಕ್ಕಪಕ್ಕದ ಚೌಕಟ್ಟುಗಳೇ ಬೇರೆ ಬೇರೆ ಬಣ್ಣಕ್ಕೆ ಬರುತ್ತವೆ. ‘ಕರೆಕ್ಷನ್ ಬ್ಯಾಡ್ರಿ, ಇದ್ದಂಗ ಹೊಡದ್ ಕೊಡ್ರಿ’ ಎಂದು ಹೇಳುವುದರ ಜತೆಗೆ ಒಂದು 12×18 ಇಂಚಿನ ಹಾಳೆಯಲ್ಲಿ 4×6ರ ಒಂಬತ್ತು ಫೋಟೋ ಕೂಡಿಸಿ ಕೊಡಿ. ತಿದ್ದಿದರೂ ಒಂಬತ್ತಕ್ಕೂ ಒಂದೇ ತಿದ್ದು. ಹಾಳೆ 300 ಡಿಪಿಐಗೆ 3600×5400 ಪಿಕ್ಸೆಲ್. ಮಾರ್ಚ್‌ನ 24, ಅಕ್ಟೋಬರ್‌ನ 24, ನೆಲದ ಚೌಕಗಳು 6: ಒಟ್ಟು 54, ಸರಿಯಾಗಿ ಆರು ಹಾಳೆ. ಮ್ಯಾಟ್ ಕಾಗದವೇ ಇರಲಿ. ಗ್ಲಾಸಿಯಲ್ಲಿ ಕರಿಯ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತದೆ.

36×24 ಇಂಚಿನ, 5 ಮಿಲಿಮೀಟರ್ ದಪ್ಪದ ಹಲಗೆ ಬೇಕು. ಮಾರ್ಚ್‌ನ 24 ಚೌಕಟ್ಟನ್ನು ಕಾಲು ಭಾಗ ಒಂದರ ಮೇಲೊಂದು ಬರುವಂತೆ ಜೋಡಿಸಿದರೆ 28.5 ಇಂಚು ಅಗಲ, 13 ಇಂಚು ಎತ್ತರದ ಕರಿ ಗುಡ್ಡ ಆಗುತ್ತದೆ. ಅಂಟಿಸುವ ಮುನ್ನ ಒಣದಾಗಿ ಹರವಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಫ್ಯಾನಿನ ಗಾಳಿಗೆ ಹಾರಿದರೆ ಅದೇ ನಕ್ಷೆ.

ಇನ್ನು ಅಕ್ಟೋಬರ್‌ನ ಹಸಿರು. ಅದನ್ನು ಇಡಿಯಾಗಿ ಕರಿಯ ಮೇಲೆ ಹೊದಿಸಿದರೆ ಮೊದಲಿನ ಜೋಡಿ ಫೋಟೋದ ತಪ್ಪೇ ಮರಳಿ ಬರುತ್ತದೆ. 24 ಚೌಕಟ್ಟುಗಳನ್ನೂ ಒಂದೊಂದಾಗಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಬರೀ ಹುಲ್ಲು ಬಂದಲ್ಲಿ ಹಸಿರನ್ನು ಕೈಯಿಂದ ಹರಿದು ತೆಳು ಪಟ್ಟಿಯಾಗಿ ಅಂಟಿಸಿ. ಗಿಡ ಬುಡದಿಂದ ಚಿಗುರಿದ್ದರೆ ಆ ಗಿಡದ ಆಕಾರಕ್ಕೇ ಬ್ಲೇಡಿನಿಂದ ಕತ್ತರಿಸಿ ಅಂಟಿಸಿ. ಏನೂ ಬಂದಿಲ್ಲವೋ, ಕರಿ ಕರಿಯಾಗಿಯೇ ಇರಲಿ. ಹರಿದದ್ದು ಹುಲ್ಲು, ಕತ್ತರಿಸಿದ್ದು ಗಿಡ: ಇಷ್ಟು ತಿಳಿದರೆ ಶಾಲೆಯ ಮಕ್ಕಳೂ ಈ ಕೊಲಾಜನ್ನು ನಕ್ಷೆಯಂತೆ ಓದುತ್ತಾರೆ. ಫೋಟೋ ಕಾಗದ ಹರಿಯುವಾಗ ಬೇಕಾದ ತುಂಡನ್ನು ಎಡಗೈಯಲ್ಲಿ ಹಿಡಿದು ಬೇಡದ್ದನ್ನು ನಿಮ್ಮ ಕಡೆಗೆ ಎಳೆಯುತ್ತೀರೋ ಆಚೆ ಎಳೆಯುತ್ತೀರೋ ಎಂಬುದರ ಮೇಲೆ ಬಿಳಿ ಅಂಚು ಯಾವ ತುಂಡಿಗೆ ಹೋಗುತ್ತದೆ ಎಂಬುದು ಬದಲಾಗಬಹುದು. ಹಾಳಾದ ಪ್ರಿಂಟಿನ ಮೇಲೆ ನಾಲ್ಕು ಸಲ ಮಾಡಿ ಕೈ ಕೂಡಿಸಿಕೊಳ್ಳಿ. ಬಿಳಿ ಅಂಚನ್ನು ಮಸಿ ಹಚ್ಚಿ ಮುಚ್ಚಬೇಡಿ. ಕೌದಿಯಲ್ಲಿ ತ್ಯಾಪಿ ಕಾಣುವ ಹಾಗೆ ಇಲ್ಲಿಯೂ ಕಾಣಲಿ.

ಅಂಟಿನಲ್ಲಿ ತಪ್ಪಿದರೆ ಎರಡು ವರ್ಷದಲ್ಲಿ ಎಲ್ಲ ಏಳುತ್ತದೆ. ಮೈದಾ ಗಂಜಿ, ಒಂದು ಪಾಲು ಹಿಟ್ಟಿಗೆ ಐದು ಪಾಲು ನೀರು, ಸಾದಾ ಕಾಗದಕ್ಕೂ ಝೆರಾಕ್ಸಿಗೂ ಒಳ್ಳೆಯದು. ಆದರೆ ಲ್ಯಾಬ್ ಪ್ರಿಂಟಿನ ಬೆನ್ನಿಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಗಂಜಿ ಅದನ್ನು ಹಿಡಿಯುವುದಿಲ್ಲ. ಹುಳ ಬಾರದಿರಲೆಂದು ಪುಸ್ತಕದ ಬೈಂಡಿಂಗಿನವರು ಗಂಜಿಗೆ ಮೈಲುತುತ್ತ ಹಾಕುವುದುಂಟು. ಫೋಟೋ ಹತ್ತಿರ ಅದು ಬೇಡ, ತಾಮ್ರದ ಅಂಶ ಕಾಗದವನ್ನು ಬೇಗ ಹಣ್ಣಾಗಿಸುತ್ತದೆ. ಚಪ್ಪಲಿಗೆ ಹಚ್ಚುವ ಹಳದಿ ಗಮ್ ಮೇಲಕ್ಕೆ ಕಲೆ ಹೊಡೆಯುತ್ತದೆ. ಆಮ್ಲವಿಲ್ಲದ ಎರಡು ಮಗ್ಗಲಿನ ಟೇಪು ಅಥವಾ ಬ್ರಷ್‌ನಿಂದ ತೆಳ್ಳಗೆ ಸವರಿದ ಬಿಳಿ ಪಿವಿಎ ಅಂಟು ಸರಿ. ಪಿವಿಎ ನೀರು ಪ್ಲಾಸ್ಟಿಕ್ ಮೂಲಕ ಆರುವುದಿಲ್ಲವಾದ್ದರಿಂದ ದಪ್ಪ ಹಚ್ಚಿದರೆ ಗುಳ್ಳೆ ಏಳುತ್ತದೆ. 24 ತಾಸು ಭಾರ ಹೇರಿ ಇಡಿ. ಹಲಗೆಯ ಬೆನ್ನಿಗೂ ಅಷ್ಟೇ ದಪ್ಪದ ಕಾಗದ ಅಂಟಿಸಿ, ಇಲ್ಲದಿದ್ದರೆ ಏಪ್ರಿಲ್‌ನ ಒಣಹವೆಗೆ ಹಲಗೆ ಮುಂದಕ್ಕೆ ಬಾಗುತ್ತದೆ.

ನಿಜವಾದ ಬೂದಿ ಹಚ್ಚಬೇಕೆಂದು ಬಹಳ ಜನರಿಗೆ ಅನ್ನಿಸುತ್ತದೆ. ಬೂದಿ ಕ್ಷಾರ, ಪಾತ್ರೆ ತಿಕ್ಕಲು ಬಳಸುತ್ತಿದ್ದದ್ದೂ ಅದಕ್ಕೇ. ಹಸಿ ತಾಗಿದರೆ ಫೋಟೋದ ಮೇಲ್ಪದರವನ್ನು ತಿನ್ನುತ್ತದೆ. ಮೇಲಾಗಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಧಾಮದಿಂದ ಸುಟ್ಟ ಕಡ್ಡಿಯನ್ನೂ ತರುವಂತಿಲ್ಲ. ಕರಿ ಬೇಕಿದ್ದರೆ ಒಲೆಯ ಇದ್ದಿಲನ್ನು ಬೇರೆ ಕಾಗದದ ಪಟ್ಟಿಗೆ ಉಜ್ಜಿ, ಫೋಟೋಕ್ಕೆ ತಾಗದಂತೆ ಅಂಚಿನಲ್ಲಿ ಹಚ್ಚಿ.

ಗುಡ್ಡದ ಕೆಳಗೆ ಒಂದು ಇಂಚು ಬಿಟ್ಟು ಆರು ನೆಲದ ಚೌಕಗಳನ್ನು 4×4ಕ್ಕೆ ಕತ್ತರಿಸಿ ಸಾಲಾಗಿ ಇಡಿ, ಪ್ರತಿಯೊಂದರ ಕೆಳಗೆ ಆ ತಿಂಗಳು ಜೀವ ಇದ್ದ ಸಸಿಗಳ ಎಣಿಕೆ ಪೆನ್ಸಿಲ್‌ನಲ್ಲಿ. ಹಳೆಯ ಮನೆಮಂದಿ ಫೋಟೋದ ಪ್ರತಿಗಳಿಗೆ ಮೇಲಿನ ಅಂಚು. ಪಡುವಣ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಹಲಗೆಯ ಬೆನ್ನ ಮೇಲೆ ನಿಂತ ಜಾಗದ ಎರಡು ನೇರಗಳು, ತಾರೀಖು, ಹೊತ್ತು ಬರೆದಿಡಿ. ಮುಂದಿನ ಬೆಂಕಿಯ ನಂತರ ಬೇರೆ ಯಾರೋ ಅದೇ ಕಲ್ಲಿನ ಹತ್ತಿರ ಹೋಗಿ ನಿಲ್ಲಬೇಕಾಗುತ್ತದೆ.